ಹೆಬ್ಬೆಟ್ಟು ಒತ್ತಿಸಿಕೊಂಡೆವು, ಮಾತಾಡಿಸಲಿಲ್ಲ: ವಿಶೇಷ ಅಗತ್ಯದ ಮಕ್ಕಳ ಕಲಿಕಾ ಯೋಜನೆಯ ಒಳಗತೆ

“ಎಲ್ಗೆ ಒತ್ಬೇಕು ಸಾ?”

ಆ ತಾಯಿ ಕೇಳಿದ್ದು ಅಷ್ಟೇ. ನಾನು ಕೊನೆಯ ಪುಟ ತಿರುವಿ ‘ಪೋಷಕರ ಸಹಿ’ ಎಂದಿದ್ದ ಜಾಗ ತೋರಿಸಿದೆ. ಅವರು ಇಂಕ್ ಪ್ಯಾಡಿಗೆ ಹೆಬ್ಬೆರಳು ಅದ್ದಿ ಒತ್ತಿದರು, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡರು, ಹೊರಟರು. ಕಬ್ಬು ಕಡಿಯುವ ಕೆಲಸದ ನಡುವೆ ಮೇಸ್ತ್ರಿಯನ್ನು ಕೇಳಿಕೊಂಡು ಬಂದಿದ್ದರು, ನಿಲ್ಲಲು ಪುರುಸೊತ್ತಿರಲಿಲ್ಲ. ಕಾಗದದಲ್ಲಿ ಏನಿದೆ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದರೂ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಯಾವುದೋ ಹಳೇ ಫಾರಂ ಮುಂದಿಟ್ಟುಕೊಂಡು, ಮಗುವಿನ ಹೆಸರು ಬದಲಿಸಿ ನಕಲು ಮಾಡಿದ್ದೆ.

ಆ ಕಾಗದವನ್ನು ನಾವು ಮೇಷ್ಟ್ರುಗಳು ‘ಐಇಪಿ’ ಅಂತೀವಿ. ಕನ್ನಡದಲ್ಲಿ ವೈಯಕ್ತಿಕ ಶಿಕ್ಷಣ ಯೋಜನೆ. ವಿಶೇಷ ಅಗತ್ಯವುಳ್ಳ ಒಂದು ಮಗು ಈಗ ಏನೇನು ಮಾಡಬಲ್ಲದು, ಈ ವರ್ಷ ಏನು ಕಲಿಯಬೇಕು, ಅದನ್ನು ಯಾರು ಹೇಗೆ ಕಲಿಸಬೇಕು, ಕಲಿತಿದೆಯೋ ಇಲ್ಲವೋ ಅಂತ ಯಾವಾಗ ಕೂತು ನೋಡಬೇಕು ಎಂದು ಬರೆದಿಡುವ ದಾಖಲೆ. ತರಗತಿಗೆಲ್ಲ ಒಂದೇ ಪಾಠಯೋಜನೆ ಇದ್ದರೆ, ಇದು ಒಂದೇ ಮಗುವಿನದು. ಮಗುವಿಗೆ ಅಳತೆ ತೆಗೆದು ಹೊಲಿಸಿದ ಅಂಗಿ ಅಂದುಕೊಳ್ಳಿ. ನಾನು ಕೊಟ್ಟಿದ್ದು ಪಕ್ಕದ ಮನೆ ಹುಡುಗನ ಹಳೇ ಅಂಗಿ.

ನಾನು ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೊದಲು ಟಿ. ನರಸೀಪುರ ತಾಲ್ಲೂಕಿನಲ್ಲಿದ್ದೆ, ವರ್ಗಾವಣೆಯಾಗಿ ನಂಜನಗೂಡು ತಾಲ್ಲೂಕಿಗೆ ಬಂದೆ. ಈ ಎರಡರಲ್ಲಿ ಯಾವ ತಾಲ್ಲೂಕು, ಯಾವ ಊರು, ಯಾವ ಶಾಲೆಯಲ್ಲಿ ಇದು ನಡೆಯಿತು ಅಂತ ಬರೆಯುವುದಿಲ್ಲ. ಹುಡುಗನ ಹೆಸರೂ ಬೇಡ, ಪುಟ್ಟ ಅಂತ ಕರೆಯೋಣ. ನಾಲ್ಕನೇ ತರಗತಿ, ಬೌದ್ಧಿಕ ವೈಕಲ್ಯ. ಮಾತು ಕಡಿಮೆ, ನಗು ಜಾಸ್ತಿ.

ಅವನ ಫಾರಂನಲ್ಲಿ ನಾನು ಬರೆದಿದ್ದು ಏನು ಗೊತ್ತಾ? “ಕನ್ನಡ ಭಾಷೆಯಲ್ಲಿ ಸುಧಾರಣೆ ತರುವುದು. ಗಣಿತದ ಮೂಲಕ್ರಿಯೆಗಳನ್ನು ಪರಿಚಯಿಸುವುದು. ದೊಡ್ಡ ಅಕ್ಷರದ ಪುಸ್ತಕ ಒದಗಿಸುವುದು.” ಪುಟ್ಟನ ಕಣ್ಣು ನನ್ನ ಕಣ್ಣಿಗಿಂತ ಚೆನ್ನಾಗಿದೆ. ನಾನು ನಕಲು ಮಾಡಿದ ಫಾರಂ ದೃಷ್ಟಿದೋಷ ಇದ್ದ ಬೇರೆ ಯಾವುದೋ ಮಗುವಿನದು. ಆ ಸಾಲು ಎರಡು ವರ್ಷ ಹಾಗೇ ಮುಂದುವರಿಯಿತು. ಮೇಲಿನವರು ಪರಿಶೀಲಿಸಿದರು, ಟಿಕ್ ಹಾಕಿದರು, ಫೈಲು ಬೀರುವಿಗೆ ಹೋಯಿತು. ಯಾರೂ ಓದಿರಲಿಲ್ಲ. ಓದಬೇಕಾಗಿದ್ದ ಒಬ್ಬರಿಗೆ ಓದು ಬರುತ್ತಿರಲಿಲ್ಲ, ಅವರು ಹೆಬ್ಬೆಟ್ಟು ಒತ್ತಿ ಹೋಗಿದ್ದರು.

‘ಬರುವುದಿಲ್ಲ’ ಅನ್ನದೆ ಬರೆಯಿರಿ

ತರಬೇತಿಗಳ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಒಳ್ಳೆಯ ಮಾತು ಕೇಳುವುದು ಅಪರೂಪ. ಮೂರು ದಿನ ಪಿಪಿಟಿ, ಮಧ್ಯಾಹ್ನ ಊಟ, ಕೊನೆಗೆ ಗ್ರೂಪ್ ಫೋಟೋ. ಆದರೆ ಸಮನ್ವಯ ಶಿಕ್ಷಣದ ಒಂದು ತರಬೇತಿಯಲ್ಲಿ ನಡೆದ ಒಂದು ಚಟುವಟಿಕೆ ಮಾತ್ರ ನನ್ನನ್ನು ಬಿಡಲಿಲ್ಲ. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಮೇಡಂ, “ನಿಮ್ಮ ಶಾಲೆಯ ಒಂದು ವಿಶೇಷ ಮಗುವಿನ ಬಗ್ಗೆ ಹತ್ತು ಸಾಲು ಬರೀರಿ. ಒಂದೇ ಷರತ್ತು. ‘ಬರುವುದಿಲ್ಲ’ ಅನ್ನೋ ಪದ ಎಲ್ಲೂ ಇರಬಾರದು” ಅಂದರು.

ಹಾಲ್‌ನಲ್ಲಿ ಇದ್ದ ನಲವತ್ತು ಚಿಲ್ಲರೆ ಪೆನ್ನುಗಳು ನಿಂತುಹೋದವು. ನಾನು ಎರಡು ಸಾಲು ಬರೆದೆ: ದಿನಾ ಶಾಲೆಗೆ ಬರುತ್ತಾನೆ. ಊಟ ಮಾಡುತ್ತಾನೆ. ಮೂರನೆಯದು ಹೊಳೆಯಲಿಲ್ಲ. ಒಂದೂವರೆ ವರ್ಷ ನನ್ನ ಮುಂದೆ ಕೂತಿದ್ದ ಹುಡುಗ.

ಅಲ್ಲಿ ಕಲಿತ ಇನ್ನೊಂದು ವಿಷಯ, ಗುರಿ ಬರೆಯುವುದು ಹೇಗೆ ಅನ್ನೋದು. ‘ಕನ್ನಡದಲ್ಲಿ ಸುಧಾರಣೆ’ ಗುರಿ ಆಗುವುದಿಲ್ಲ, ಯಾಕೆಂದರೆ ಅದು ಆಯಿತೋ ಇಲ್ಲವೋ ಅಂತ ಯಾರೂ ಹೇಳಲಾರರು. ‘ದಸರಾ ರಜೆಯೊಳಗೆ, ಮನೆಯಲ್ಲಿ ದಿನಾ ಬಳಸುವ ಹತ್ತು ವಸ್ತುಗಳ ಚಿತ್ರಕ್ಕೆ ಅದರ ಹೆಸರಿನ ಚೀಟಿಯನ್ನು ತಾನೇ ಜೋಡಿಸುವುದು’ ಅಂದರೆ ಗುರಿ. ದಸರಾ ಬಂದಾಗ ಹತ್ತು ಚಿತ್ರ ಇಟ್ಟು ನೋಡಬಹುದು. ಏಳು ಜೋಡಿಸಿದರೆ ಏಳು ಅಂತ ಬರೆಯಬಹುದು. ಎರಡೇ ಜೋಡಿಸಿದರೆ ತಪ್ಪು ಮಗುವಿನದ್ದೋ, ಗುರಿಯದ್ದೋ, ಕಲಿಸಿದ ರೀತಿಯದ್ದೋ ಅಂತ ಯೋಚಿಸಬಹುದು. ಹೀಗೆ ಬರೆದ ಗುರಿಯಲ್ಲಿ ಮೇಷ್ಟ್ರಿಗೂ ಪರೀಕ್ಷೆ ಇರುತ್ತದೆ. ನಾವು ‘ಸುಧಾರಣೆ’ಯಂಥ ಜಾರುವ ಪದಗಳನ್ನು ಇಷ್ಟಪಡುವುದು ಬಹುಶಃ ಅದಕ್ಕೇ ಇರಬೇಕು.

ತರಬೇತಿ ಮುಗಿಯುವಾಗ ಒಂದು ಹೋಂವರ್ಕ್ ಸಿಕ್ಕಿತು. ಮಗುವಿನ ಮನೆಗೆ ಹೋಗಿ ಎರಡೇ ಪ್ರಶ್ನೆ ಕೇಳಿ ಬರಬೇಕು. ಮನೆಯಲ್ಲಿ ಅವನು ಏನೇನು ಮಾಡುತ್ತಾನೆ? ಈ ವರ್ಷ ಏನು ಕಲಿತರೆ ನಿಮಗೆ ಹಗುರ ಆಗುತ್ತದೆ?

ಹನ್ನೊಂದು ಕೋಳಿ

ಪುಟ್ಟನ ತಾಯಿ ಶಾಲೆಯ ಪೋಷಕರ ಸಭೆಗೆ ಬಂದವರಲ್ಲ. “ಪೇರೆಂಟ್ಸ್‌ಗೆ ಇಂಟ್ರೆಸ್ಟ್ ಇಲ್ಲ ಸಾರ್” ಅನ್ನುವ ನಮ್ಮ ಮಾಮೂಲಿ ಮಾತಿಗೆ ಅವರೂ ಒಂದು ಉದಾಹರಣೆಯಾಗಿದ್ದರು. ಸಭೆ ಇರುತ್ತಿದ್ದದ್ದು ಮಧ್ಯಾಹ್ನ ಎರಡೂವರೆಗೆ. ಕೂಲಿಗೆ ಹೋದವರು ಎರಡೂವರೆಗೆ ಎದ್ದು ಬಂದರೆ ಆ ದಿನದ ಸಂಬಳ ಪೂರ್ತಿ ಸಿಗುವುದಿಲ್ಲ. ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೋ ತಾಂಡವಪುರದ ಕಡೆಗೋ ಕಾರ್ಖಾನೆ ಪಾಳಿಗೆ ಹೋಗುವವರ ಕಥೆಯೂ ಅದೇ. ಹೀಗಂತ ಲೆಕ್ಕ ಹಾಕಲು ನನಗೆ ಇಷ್ಟು ವರ್ಷ ಬೇಕಾಯಿತು ಅನ್ನೋದೇ ನಾಚಿಕೆಯ ವಿಷಯ.

ಅವರು ಸಿಗುವುದು ಎಲ್ಲಿ ಅಂತ ಅಡುಗೆ ಸಿಬ್ಬಂದಿ ಅಕ್ಕನನ್ನು ಕೇಳಿದೆ. “ಡೈರಿ ತಾವ್ಕೆ ಹೋಗಿ ಸಾ, ಆರೂವರೆಗೆ ಹಾಲಾಕಕ್ ಬತ್ತರ” ಅಂದರು. ಹೋದೆ. ಹಾಲು ಹಾಕಿ ಬರುವಾಗ ಜೊತೆಗೇ ನಡೆದು ಮನೆಗೆ ಹೋದೆವು. ಊರಾಚೆಯ ಬೀದಿ. ಆ ಬೀದಿಗೆ ಮೇಷ್ಟ್ರುಗಳು ಬರುವುದು ಮಕ್ಕಳ ಗಣತಿಗೆ, ಓಟರ್ ಲಿಸ್ಟಿಗೆ, ಮೊನ್ನೆ ಮೊನ್ನೆ ಜಾತಿ ಸಮೀಕ್ಷೆಗೆ. ಒಳಗೆ ಕೂತಾಗ ನೀರು ಕೊಡಲೋ ಬೇಡವೋ ಅಂತ ಆ ತಾಯಿ ಒಂದು ಗಳಿಗೆ ಅನುಮಾನಿಸಿ ನಿಂತರು. ನಾನೇ ಕೇಳಿ ಕುಡಿದೆ. ಪೋಷಕರ ಸಹಭಾಗಿತ್ವದ ಬಗ್ಗೆ ಬಂದಿರುವ ಯಾವ ಕೈಪಿಡಿಯಲ್ಲೂ ಈ ಒಂದು ಗಳಿಗೆಯ ಬಗ್ಗೆ ಬರೆದಿಲ್ಲ.

ಏನೇನು ಮಾಡುತ್ತಾನೆ ಅಂದರೆ, “ಏನೂ ಇಲ್ಲ ಸಾ, ಅಂಗೇ ಇದ್ದನ” ಅಂದರು. ಮಗನ ಬಗ್ಗೆ ಅವರೂ ನನ್ನ ಫಾರಂನ ಭಾಷೆಯನ್ನೇ ಕಲಿತಿದ್ದರು. ಸುಮ್ಮನೆ ಕೂತೆ. ಅಂಗಳದಲ್ಲಿ ಕೋಳಿಗಳು ಓಡಾಡುತ್ತಿದ್ದವು. ಮಾತು ಬೆಳೆಸೋಣ ಅಂತ “ಎಷ್ಟು ಕೋಳಿ ಸಾಕಿದ್ದೀರಮ್ಮ?” ಅಂದೆ.

“ಹನ್ನೊಂದ್ ಅವ ಸಾ. ಸಾಯಂಕಾಲ ಗೂಡಿಗ್ ಬುಡೋನು ಇವ್ನೇ. ಒಂದ್ ಕಮ್ಮಿ ಆದ್ರೂ ಒಳೀಕ್ ಬರಕಿಲ್ಲ, ಹುಡ್ಕಂಡೇ ಬತ್ತನ.”

ನಾನು ಫಾರಂನಲ್ಲಿ ಬರೆದಿದ್ದ ವಾಕ್ಯ ನೆನಪಾಯಿತು: ‘ಎಣಿಕೆ ಬರುವುದಿಲ್ಲ.’

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಇದನ್ನು ಸಿನಿಮಾ ಥರ ‘ಹುಡುಗ ಜಾಣ, ಮೇಷ್ಟ್ರಿಗೆ ಗೊತ್ತಿರಲಿಲ್ಲ’ ಅಂತ ಮುಗಿಸಿಬಿಡುವುದು ಸುಲಭ. ಪುಟ್ಟನಿಗೆ ಹನ್ನೊಂದರವರೆಗೆ ಎಣಿಸಲು ಬರುತ್ತಿರಲಿಲ್ಲ, ಅದು ನಿಜವೇ. ಅವನು ಮಾಡುತ್ತಿದ್ದದ್ದು ಬೇರೆ. ಕೆಂಪಿ, ಚುಕ್ಕೆಯದ್ದು, ಕುಂಟುವುದು, ಕರಿ ಹುಂಜ ಅಂತ ಒಂದೊಂದನ್ನೂ ಮನಸ್ಸಿನಲ್ಲಿರುವ ಒಂದೊಂದು ಚಿತ್ರಕ್ಕೆ ಹೊಂದಿಸಿ, ಚಿತ್ರ ಉಳಿದರೆ ಕೋಳಿ ಕಾಣೆಯಾಗಿದೆ ಅಂತ ತಿಳಿಯುತ್ತಿದ್ದ. ಗಣಿತ ಕಲಿಸುವವರು ಇದನ್ನು ಒಂದಕ್ಕೊಂದು ಹೊಂದಾಣಿಕೆ ಅಂತಾರೆ. ಎಣಿಕೆಗೆ ಮುಂಚಿನ ಮೆಟ್ಟಿಲು ಇದು. ಒಂದು, ಎರಡು, ಮೂರು ಅಂತ ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳಿಗೆ ಈ ಮೆಟ್ಟಿಲು ಗಟ್ಟಿಯಾಗಿರುವುದಿಲ್ಲ. ಪುಟ್ಟನಿಗೆ ಮೆಟ್ಟಿಲು ಗಟ್ಟಿಯಾಗಿತ್ತು, ಅದರ ಮೇಲೆ ಹೆಸರುಗಳಿರಲಿಲ್ಲ. ನಾನು ಎರಡು ವರ್ಷದಿಂದ ಕಪ್ಪು ಹಲಗೆಯ ಮೇಲೆ ಹೆಸರುಗಳನ್ನು ಬರೆದು, ಮೆಟ್ಟಿಲು ಎಲ್ಲಿದೆ ಅಂತ ನೋಡದೆ, ಹತ್ತು ಅಂತ ಹೇಳಿಸುತ್ತಿದ್ದೆ.

ಆಮೇಲೆ ನಾವು ಮಾಡಿದ್ದು ಸರಳ. ರಟ್ಟಿನಲ್ಲಿ ಹನ್ನೊಂದು ಕೋಳಿ ಕತ್ತರಿಸಿ ಬಣ್ಣ ಹಾಕಿದೆವು. ಮೊದಲು ಗುರುತಿಗೆ, ಆಮೇಲೆ ಎಲ್ಲವೂ ಒಂದೇ ಬಣ್ಣ, ಆಮೇಲೆ ಹುಣಸೆ ಬೀಜ, ಆಮೇಲೆ ಅಂಕಿ. ಮೂರರವರೆಗೆ ಹೋಗಲು ಒಂದು ತಿಂಗಳು. ಐದರ ಹತ್ತಿರ ಬಹಳ ದಿನ ನಿಂತ. ತಟ್ಟೆ ಹಾಕುವಾಗ, ಚಾಕ್‌ಪೀಸ್ ಹಂಚುವಾಗ ಅವನನ್ನೇ ಕರೆದೆವು. ಇದರಲ್ಲಿ ಪವಾಡ ಏನೂ ನಡೆಯಲಿಲ್ಲ.

ಎರಡನೇ ಪ್ರಶ್ನೆಗೆ ಬಂದ ಉತ್ತರ ನನ್ನ ಪಠ್ಯಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಈ ವರ್ಷ ಏನು ಕಲಿಸಲಿ ಅಂದರೆ ಆ ತಾಯಿ ಅಕ್ಷರ, ಲೆಕ್ಕ ಅನ್ನಲಿಲ್ಲ. “ದೊಡ್ಡ ಜಾತ್ರೇಲಿ ಕೈ ತಪ್ಸ್ಕಂಡ್ರ ತನ್ ಹೆಸ್ರು, ನಮ್ಮೂರ್ ಹೆಸ್ರು ಹೇಳ್ಬೇಕು ಸಾ. ಅಷ್ಟ್ ಕಲ್ಸ್ಬುಡಿ” ಅಂದರು. ನಂಜನಗೂಡಿನ ಪಂಚ ಮಹಾರಥೋತ್ಸವದ ಜನಸಾಗರ ನೋಡಿದವರಿಗೆ ಈ ಭಯ ಅರ್ಥವಾಗುತ್ತದೆ. ಹಿಂದೊಮ್ಮೆ ಅವನು ಒಂದು ಇಡೀ ಮಧ್ಯಾಹ್ನ ಸಿಕ್ಕಿರಲಿಲ್ಲವಂತೆ. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ನಾವ್ಯಾರೂ ಕೇಳಿರಲಿಲ್ಲ. ಹೊಸ ಯೋಜನೆಯಲ್ಲಿ ಮೊದಲ ಗುರಿ ಅದೇ ಆಯಿತು: ಯಾರಾದರೂ ಕೇಳಿದಾಗ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಹೇಳುವುದು, ಹೇಳಲಾಗದಿದ್ದರೆ ಜೇಬಿನ ಚೀಟಿ ತೆಗೆದು ತೋರಿಸುವುದು.

ಕಾನೂನಿನಲ್ಲಿ ಏನಿದೆ, ಏನಿಲ್ಲ

ಈ ಐಇಪಿ ಅನ್ನೋ ಪದ ಹುಟ್ಟಿದ್ದು ಅಮೆರಿಕದಲ್ಲಿ. 1975ರಲ್ಲಿ ಅಲ್ಲಿ ಬಂದ ಕಾಯ್ದೆ, ವಿಶೇಷ ಶಿಕ್ಷಣ ಬೇಕಾದ ಪ್ರತಿ ಮಗುವಿಗೂ ಇಂಥದ್ದೊಂದು ಯೋಜನೆ ಇರಲೇಬೇಕು ಅಂತ ಮಾಡಿತು. ಅಲ್ಲಿ ಯೋಜನೆ ಮಾಡುವ ತಂಡದಲ್ಲಿ ತಂದೆತಾಯಿ ಸದಸ್ಯರು. ಒಪ್ಪಿಗೆ ಇಲ್ಲದಿದ್ದರೆ ಶಾಲಾ ಆಡಳಿತದ ವಿರುದ್ಧ ವಿಚಾರಣೆ ಕೇಳಬಹುದು. ಅಲ್ಲೂ ಎಲ್ಲವೂ ಸರಿಯಿದೆ ಅಂತಲ್ಲ. ಆದರೆ ಅಲ್ಲಿ ಪೋಷಕರ ಸಹಿಗೆ ಬೆಲೆ ಇದೆ, ಯಾಕೆಂದರೆ ಸಹಿ ಹಾಕದೆ ಇರುವ ಹಕ್ಕೂ ಇದೆ.

ನಮ್ಮ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016 ಒಳ್ಳೆಯ ಕಾಯ್ದೆ. ವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಅದರೊಳಗೆ ಬಂತು, ಅಂದರೆ ‘ದಡ್ಡ’ ಅಂತ ನಾವು ಹಿಂದಿನ ಬೆಂಚಿಗೆ ತಳ್ಳಿದ ಎಷ್ಟೋ ಮಕ್ಕಳು. ಅದರ 16ನೇ ಸೆಕ್ಷನ್ ಪ್ರಕಾರ ಶಾಲೆ ತಾರತಮ್ಯ ಇಲ್ಲದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು, ವೈಯಕ್ತಿಕ ಬೆಂಬಲ ಕೊಡಬೇಕು, ಪ್ರತಿ ಮಗುವಿನ ಪ್ರಗತಿಯ ಮೇಲೆ ಕಣ್ಣಿಡಬೇಕು. 17ನೇ ಸೆಕ್ಷನ್ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇತ್ಯಾದಿ ಹೇಳುತ್ತದೆ.

ಇನ್ನು ಶಿಕ್ಷಣ ಹಕ್ಕು ಕಾಯ್ದೆ–2009. ಅದರ 24ನೇ ಸೆಕ್ಷನ್ ಮೇಷ್ಟ್ರ ಕರ್ತವ್ಯಗಳ ಪಟ್ಟಿ. ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು, ಬೇಕಿದ್ದರೆ ಹೆಚ್ಚುವರಿಯಾಗಿ ಕಲಿಸಬೇಕು ಅಂತಿದೆ. ಪೋಷಕರ ಜೊತೆ ನಿಯಮಿತವಾಗಿ ಸಭೆ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಶಕ್ತಿ, ಪ್ರಗತಿ ತಿಳಿಸಬೇಕು ಅಂತಲೂ ಇದೆ. ಪುಟ್ಟನ ಮನೆಗೆ ಹೋಗಿದ್ದು ನನ್ನ ಒಳ್ಳೆಯತನ ಅಂದುಕೊಂಡಿದ್ದೆ. ಕಾಯ್ದೆ ಓದಿದ ಮೇಲೆ ಅದು ಬಾಕಿ ಇದ್ದ ಕೆಲಸ ಅಂತ ಗೊತ್ತಾಯಿತು.

ಅಂದರೆ ಐಇಪಿಯ ಬಿಡಿಭಾಗಗಳೆಲ್ಲ ನಮ್ಮ ಕಾನೂನಿನಲ್ಲಿ ಅಲ್ಲಲ್ಲಿ ಬಿದ್ದಿವೆ. ಇಲ್ಲದಿರುವುದು ಎರಡು. ಈ ಬಿಡಿಭಾಗಗಳನ್ನು ಜೋಡಿಸಿ ಒಂದು ಕಾಗದ ಮಾಡಲೇಬೇಕು ಅನ್ನುವ ಮಾತು ಎರಡೂ ಕಾಯ್ದೆಗಳಲ್ಲಿ ಇಲ್ಲ. ಆ ಕಾಗದದ ಒಂದು ಪ್ರತಿ ಪೋಷಕರ ಕೈಯಲ್ಲಿರಬೇಕು, ಅವರು ಒಪ್ಪದಿದ್ದರೆ ಅದು ಪಾಸಾಗಬಾರದು ಅನ್ನುವ ಮಾತೂ ಇಲ್ಲ. ಹಾಗಾಗಿ ಯೋಜನೆ ಸಮಗ್ರ ಶಿಕ್ಷಣದ ಒಂದು ನಮೂನೆಯಾಗಿ, ತುಂಬಿ ಕಳಿಸುವ ಇನ್ನೊಂದು ಫಾರಂ ಆಗಿ ಉಳಿಯುತ್ತದೆ. ತುಂಬುವವನು ಮೇಷ್ಟ್ರು, ಓದುವವನು ಬೀರು.

ಇಲ್ಲೊಂದು ಗೊಂದಲ ಬಿಡಿಸಬೇಕು, ಏಕೆಂದರೆ ಮೇಷ್ಟ್ರುಗಳೇ ಇದರಲ್ಲಿ ಎಡವುತ್ತೇವೆ. ‘ಸರ್ಟಿಫಿಕೇಟ್ ಬಂದಿಲ್ಲ, ಹಾಗಾಗಿ ಪ್ಲಾನ್ ಮಾಡಿಲ್ಲ’ ಅನ್ನುತ್ತೇವೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಅಂತ ಪ್ರಮಾಣಪತ್ರ ಬೇಕಾಗುವುದು ಮಾಸಾಶನ, ವಿದ್ಯಾರ್ಥಿವೇತನದಂಥ ಸೌಲಭ್ಯಗಳಿಗೆ, 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕಿಗೆ. 16ನೇ ಸೆಕ್ಷನ್ನಿನ ಕರ್ತವ್ಯಕ್ಕೆ ಶೇಕಡಾವಾರು ಲೆಕ್ಕ ಇಲ್ಲ. ಮಗುವಿಗೆ ಕಷ್ಟ ಆಗುತ್ತಿದೆ ಅಂತ ಕಂಡ ದಿನವೇ ಮೇಷ್ಟ್ರು ಯೋಜನೆ ಶುರು ಮಾಡಬಹುದು. ಪೋಷಕರಿಗೂ ಇದನ್ನು ಬಿಡಿಸಿ ಹೇಳಬೇಕು. ವೈದ್ಯಕೀಯ ಶಿಬಿರಕ್ಕೆ ಹೋಗಿ ಬಂದ ಮೇಲೆ ‘ಎಲ್ಲಾ ಆಯಿತು’ ಅಂದುಕೊಂಡಿರುತ್ತಾರೆ. ಸಿಕ್ಕಿರುವುದು ಒಂದು ಸಂಖ್ಯೆ ಮಾತ್ರ, ಪಾಠ ಇನ್ನೂ ಶುರುವಾಗಿರುವುದಿಲ್ಲ.

ನಮ್ಮ ಮನೆಯ ಏಣಿ

ಇದೆಲ್ಲ ಹೊರಗಿಂದ ಬಂದದ್ದು, ನಮ್ಮ ಶಾಲೆಗಳಿಗೆ ಆಗದ ಕೆಲಸ ಅನ್ನುವವರಿಗೆ ಒಂದು ನೆನಪು. ನಂಜನಗೂಡಿನ ಪಕ್ಕದ ತಾಲ್ಲೂಕು ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದದ್ದು ನಲಿ-ಕಲಿ. ಒಂದೇ ಕೋಣೆಯಲ್ಲಿ ಮೂರು ತರಗತಿಯ ಮಕ್ಕಳು, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ಮೇಷ್ಟ್ರ ನೆರವಿನ ಗುಂಪಿನಿಂದ ಗೆಳೆಯರ ನೆರವಿನ ಗುಂಪಿಗೆ, ಅಲ್ಲಿಂದ ತಾನೇ ಕಲಿಯುವ ಗುಂಪಿಗೆ. ವಾರ ರಜೆ ಹಾಕಿ ಬಂದರೂ ಬಿಟ್ಟಲ್ಲಿಂದಲೇ ಶುರು. ಒಂದೊಂದು ಮಗುವಿಗೆ ಒಂದೊಂದು ದಾರಿ ಅನ್ನುವುದು ಈ ಜಿಲ್ಲೆಯ ಮೇಷ್ಟ್ರುಗಳಿಗೆ ಹೊಸ ಪಾಠವೇ ಅಲ್ಲ.

ಪುಟ್ಟ ನಲಿ-ಕಲಿಯಲ್ಲಿ ಖುಷಿಯಾಗಿದ್ದನಂತೆ. ನಿಧಾನವಾಗಿ, ಆದರೆ ಹತ್ತುತ್ತಿದ್ದ. ನಾಲ್ಕನೇ ತರಗತಿಗೆ ಬಂದ ದಿನ ಏಣಿ ತೆಗೆದುಬಿಟ್ಟೆವು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ, ಒಂದೇ ಪರೀಕ್ಷೆ. ಅವನು ಹಿಂದಿನ ಬೆಂಚಿಗೆ ಹೋಗಿದ್ದು ಆಗ. ನನ್ನ ಅನಿಸಿಕೆ ಕೇಳಿದರೆ, ನಾಲ್ಕನೇ ತರಗತಿಯ ಮೇಷ್ಟ್ರಿಗೆ ಐಇಪಿ ತರಬೇತಿ ಕೊಡುವಾಗ ಅಮೆರಿಕದಿಂದ ಶುರು ಮಾಡಬಾರದು, ಪಕ್ಕದ ಕೋಣೆಯ ಗೋಡೆ ಮೇಲಿರುವ ಆ ಏಣಿಯಿಂದ ಶುರು ಮಾಡಬೇಕು.

ಒಂದು ಬಸ್ಸಿನ ದೂರ

ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ದೇಶಕ್ಕೇ ದೊಡ್ಡ ಹೆಸರು. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ಮಕ್ಕಳ ಜೊತೆ ತಾಯಂದಿರೂ ಕೂತು ಕಲಿಯುತ್ತಾರೆ. ಕಿವುಡು ಮಕ್ಕಳಿಗೆ ತಾಯಂದಿರೇ ಮೇಷ್ಟ್ರಾಗುವ ಶಾಲೆಯೊಂದು ಕೂಡ ಮೈಸೂರಿನಲ್ಲಿ ದಶಕಗಳಿಂದ ನಡೆಯುತ್ತಿದೆ. ದೂರದೂರಿನ ಹೆಣ್ಣುಮಕ್ಕಳು ಮಗುವಿನ ಜೊತೆ ಇಲ್ಲಿ ಬಂದು ನೆಲೆಸಿ, ಮಾತು ಕಲಿಸುವುದನ್ನು ತಾವೇ ಕಲಿಯುತ್ತಾರೆ. ‘ಪೋಷಕರಿಗೆ ಏನು ಗೊತ್ತಾಗುತ್ತದೆ’ ಅನ್ನುವ ಪ್ರಶ್ನೆಗೆ ಉತ್ತರ ನಮ್ಮ ಜಿಲ್ಲಾ ಕೇಂದ್ರದಲ್ಲೇ ಇದೆ.

ನಂಜನಗೂಡಿನಿಂದ ಅಲ್ಲಿಗೆ ರೈಲೂ ಇದೆ, ಬಸ್ಸೂ ಇದೆ. ಟಿ. ನರಸೀಪುರಕ್ಕೆ ರೈಲಿಲ್ಲ, ಬಸ್ಸು ಮಾತ್ರ. ನಕ್ಷೆಯಲ್ಲಿ ಎರಡೂ ಹತ್ತಿರವೇ. ಆದರೆ ಥೆರಪಿ ಅನ್ನುವುದು ಒಂದು ದಿನದ ಕೆಲಸ ಅಲ್ಲ. ವಾರಕ್ಕೊಮ್ಮೆ ಹೋಗಿ ಬರುವುದೆಂದರೆ ವಾರಕ್ಕೊಂದು ಕೂಲಿ ಹೋಯಿತು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜು ಉಳಿದಿದೆ, ಕೂಲಿ ಉಳಿದಿಲ್ಲ. ಸಂಸ್ಥೆಯ ಒಂದು ವಿಸ್ತರಣಾ ಸೇವಾ ಕೇಂದ್ರ ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲೇ ತೆರೆದದ್ದು ಈ ದೃಷ್ಟಿಯಿಂದ ಸರಿಯಾದ ಹೆಜ್ಜೆ. ಮಾತು ತಡವಾದ, ಕಿವಿ ಕೇಳದ ಮಕ್ಕಳಿಗೆ ಊರ ಹತ್ತಿರವೇ ತಪಾಸಣೆ ಸಿಗುವುದು ಸಣ್ಣ ಸಂಗತಿಯಲ್ಲ.

ಈ ಕಡೆಯ ತಂದೆತಾಯಿ ಆಸ್ಪತ್ರೆಗೆ ಮುಂಚೆ ನಂಜುಂಡೇಶ್ವರನ ಹತ್ತಿರ ಹೋಗಿರುತ್ತಾರೆ. ಟಿಪ್ಪು ತನ್ನ ಆನೆಯ ಕಣ್ಣು ವಾಸಿಯಾಯಿತೆಂದು ‘ಹಕೀಮ್ ನಂಜುಂಡ’ ಎಂದು ಕರೆದನೆಂಬ ಕಥೆ ಇರುವ ದೇವರು. ಉರುಳು ಸೇವೆ, ಮುಡಿ, ಹರಕೆ. ನಮ್ಮಲ್ಲಿ ಕೆಲವರು ‘ಮೂಢನಂಬಿಕೆ’ ಅಂತ ನಗುತ್ತಾರೆ. ನಾನೂ ನಗುತ್ತಿದ್ದೆ. ಪುಟ್ಟನ ತಾಯಿ ಗ್ರಹಣದ ದಿನ ಹೊರಗೆ ಓಡಾಡಿದ್ದಕ್ಕೇ ಮಗ ಹೀಗಾದ ಅಂತ ಹತ್ತು ವರ್ಷದಿಂದ ನಂಬಿದ್ದರು. ಅದು ತಪ್ಪು, ನಿಮ್ಮಿಂದ ಏನೂ ಆಗಿಲ್ಲ ಅಂತ ಒಬ್ಬ ಮೇಷ್ಟ್ರೂ, ಒಬ್ಬ ಡಾಕ್ಟರೂ ಕೂತು ಹೇಳಿರಲಿಲ್ಲ. ಹೇಳಿದಾಗ ಅವರು ಏನೂ ಮಾತಾಡಲಿಲ್ಲ. ಸೆರಗಿನ ಅಂಚು ಹಿಡಿದು ಸುಮ್ಮನೆ ಕೂತರು.

ಒಬ್ಬ ಮೇಷ್ಟ್ರಿಂದ ಆಗುವಷ್ಟು

ಇಷ್ಟು ಓದಿದವರಿಗೆ ‘ಮೇಷ್ಟ್ರು ಮನಸ್ಸು ಮಾಡಿದರೆ ಸಾಕು’ ಅನ್ನಿಸಿದ್ದರೆ, ತಪ್ಪು ನನ್ನ ಬರವಣಿಗೆಯದ್ದು. ನಾನು ವಿಶೇಷ ಶಿಕ್ಷಣ ಓದಿದವನಲ್ಲ. ಆಟಿಸಂ ಇರುವ ಮಗುವಿನ ಯೋಜನೆ ಮಾಡುವುದು ಹೇಗೆ, ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ಬೆಂಚಿನ ಮೇಲೆ ಹೇಗೆ ಕೂರಿಸಬೇಕು, ಇದು ಮೂರು ದಿನದ ತರಬೇತಿಯಲ್ಲಿ ಬರುವ ವಿದ್ಯೆಯಲ್ಲ. ಅದಕ್ಕೆಂದೇ ಇರುವವರು ಬಿಐಇಆರ್‌ಟಿಗಳು, ಅಂದರೆ ಬ್ಲಾಕ್ ಮಟ್ಟದ ವಿಶೇಷ ಶಿಕ್ಷಕರು. ಒಂದು ತಾಲ್ಲೂಕಿಗೆ ಬೆರಳೆಣಿಕೆಯಷ್ಟು ಮಂದಿ. ಶಾಲೆಗಳಿಗೆ ಭೇಟಿ, ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣ, ಶಿಬಿರ, ಅದರ ಮೇಲೆ ವರದಿಗಳು. ನಾನು ಕಂಡವರಲ್ಲಿ ಬಹಳಷ್ಟು ಜನ ಸ್ಕೂಟರ್ ಮೇಲೆ ಆಯುಷ್ಯ ಕಳೆಯುವ, ಮಕ್ಕಳ ಹೆಸರು ನೆನಪಿಟ್ಟುಕೊಂಡಿರುವ ಒಳ್ಳೆಯ ಶಿಕ್ಷಕರು. ಆದರೆ ಲೆಕ್ಕ ಲೆಕ್ಕವೇ.

ಎಷ್ಟು ಇರಬೇಕು? ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್ 28ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು. ಅದೇ ಪ್ರಕರಣದಲ್ಲಿ, 2025ರ ಮಾರ್ಚ್‌ನಲ್ಲಿ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಿ ಅಂತ ರಾಜ್ಯಗಳಿಗೆ ಕೋರ್ಟ್ ಮತ್ತೆ ಹೇಳಬೇಕಾಯಿತು. ಮೂರೂವರೆ ವರ್ಷ ಅಂದರೆ ಪುಟ್ಟನ ಲೆಕ್ಕದಲ್ಲಿ ಇಡೀ ನಲಿ-ಕಲಿ. ನಂಜನಗೂಡು, ಟಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಎರಡೂ ಕಡೆ ಚುನಾವಣೆಯ ಭಾಷಣ ಕೇಳಿದ್ದೇನೆ. ರಸ್ತೆ, ನಾಲೆ, ಸಮುದಾಯ ಭವನ ಎಲ್ಲ ಕೇಳಿದೆ. ವಿಶೇಷ ಶಿಕ್ಷಕರ ಹುದ್ದೆಯ ಬಗ್ಗೆ ಒಂದು ವಾಕ್ಯ ಕೇಳಿದ ನೆನಪಿಲ್ಲ.

ನೀವು ಕಾಲೇಜಿನಲ್ಲಿದ್ದೀರಿ, ಸಂಘಟನೆಯಲ್ಲಿದ್ದೀರಿ, ಊರಿಗೆ ಹೋದಾಗ ಏನಾದರೂ ಮಾಡಬೇಕು ಅಂತಿದ್ದೀರಿ ಅಂದರೆ ಒಂದು ಬಾಗಿಲು ತೋರಿಸುತ್ತೇನೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಮ್ಮ ಎಸ್‌ಡಿಎಂಸಿ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕನೇ ಮೂರರಷ್ಟು ಜನ ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪಿನ ಮಕ್ಕಳ ಪೋಷಕರಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. 2012ರ ತಿದ್ದುಪಡಿಯಾದ ಮೇಲೆ ಆ ಗುಂಪಿನಲ್ಲಿ ವೈಕಲ್ಯ ಇರುವ ಮಕ್ಕಳೂ ಸೇರಿದ್ದಾರೆ. ನಿಮ್ಮೂರ ಸಮಿತಿಯಲ್ಲಿ ಅಂಥ ಒಬ್ಬ ತಾಯಿ ಇದ್ದಾರಾ? ಕೇಳಿ ನೋಡಿ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಒಬ್ಬರಿರುತ್ತಾರೆ, ಮಕ್ಕಳ ಗ್ರಾಮಸಭೆ ವರ್ಷಕ್ಕೊಮ್ಮೆ ನಡೆಯಬೇಕು. ಅಲ್ಲೂ ಕೇಳಬಹುದು.

ಪುಟ್ಟನ ಹೊಸ ಯೋಜನೆ ಎರಡೇ ಪುಟ. ಗುರಿಗಳು ನಾಲ್ಕು, ಅದರಲ್ಲಿ ಎರಡು ಅವನ ತಾಯಿ ಹೇಳಿದ್ದು. ಬರೆದ ಮೇಲೆ ಓದಿ ಹೇಳಿದೆ. ಒಂದು ಕಡೆ “ಇದ್ ಬ್ಯಾಡ ಸಾ, ಇದ್ ಈಗ್ಲೇ ಮಾಡ್ತನ” ಅಂತ ತಿದ್ದಿಸಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು. ಜೆರಾಕ್ಸ್ ಒಂದು ಪ್ರತಿ ಅವರಿಗೆ ಕೊಟ್ಟೆ. ರೇಷನ್ ಕಾರ್ಡು, ಆಧಾರ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ಗೇಟಿನ ಹತ್ತಿರ ನಿಂತಿದ್ದರು, ಆ ಕವರು ಹಿಡಿದುಕೊಂಡು. ಎಂಟನೇ ತರಗತಿಯ ಮಗಳ ಕೈಲಿ ಪೂರ್ತಿ ಓದಿಸಿದ್ದರಂತೆ. ಎರಡನೇ ಪುಟದ ಕೆಳಗೆ ಬೆರಳಿಟ್ಟರು. ‘ವಿಶೇಷ ಶಿಕ್ಷಕರು ವಾರಕ್ಕೊಮ್ಮೆ ಬಂದು ಮಾತಿನ ಅಭ್ಯಾಸ ಮಾಡಿಸುವುದು’ ಅಂತ ನಾನು ಆಸೆಯಿಂದ ಬರೆದಿದ್ದ ಸಾಲು.

“ಇವ್ರು ಆರ್ ವಾರ್ದಿಂದ ಬಂದಿಲ್ವಂತಲ್ಲ ಸಾ. ಯಾರ್ನ ಕೇಳ್ಬೇಕು?”

ಅರ್ಜಿ ಬರೆದುಕೊಡಿ ಅಂದರು. ಬರೆದೆ. ಈ ಸಲ ಎಲ್ಲಿ ಒತ್ತಬೇಕು ಅಂತ ಅವರು ಕೇಳಲಿಲ್ಲ. ಮೊದಲು ಓದಿ ಹೇಳಿ ಅಂದರು.